ಆಯ ತಪ್ಪಿದ ಬೆನ್ನು

ನಮ್ಮಜ್ಜ ಮುಖ ತೊಳೆಯುವುದನ್ನು ನೋಡಿದವರಿಗೆ ಮೊದಲು ನಗು ಬರುತ್ತದೆ. ಎಡಗೈಯನ್ನು ಬಚ್ಚಲ ಗೋಡೆಗೆ ಆನಿಸಿ, ಬಲಗೈ ಒಂದರಲ್ಲೇ ನೀರು ಎರಚಿಕೊಳ್ಳುತ್ತಾನೆ. ಒಂದು ಕಣ್ಣಿನ ಕಡೆ ಸೋಪು ಹಚ್ಚಿ, ತೊಳೆದು, ಅದು ತೆರೆದ ಮೇಲೆ ಇನ್ನೊಂದು ಕಡೆ ಹಚ್ಚುತ್ತಾನೆ. ಎರಡೂ ಕಣ್ಣನ್ನು ಒಮ್ಮೆಗೇ ಮುಚ್ಚುವುದಿಲ್ಲ. ಚಿಕ್ಕವಳಿದ್ದಾಗ ಇದನ್ನು ಅಣಕಿಸಿ ಅವ್ವನಿಂದ ಬೈಸಿಕೊಂಡಿದ್ದೇನೆ. ಯಾಕೆ ಹೀಗೆ ಅಂತ ಕೇಳಿದರೆ ಅಜ್ಜನ ಉತ್ತರ ಯಾವಾಗಲೂ ಒಂದೇ: “ಕಣ್ಣ ಮುಚ್ಚಿದ್ರ ನೆಲಾ ಎಲ್ಲೈತಿ ಅಂತ ತಿಳಿವಲ್ದವ್ವಾ.”

ಅಜ್ಜ ಹಮಾಲ. ಮೀಸೆ ಮೂಡುವ ವಯಸ್ಸಿನಲ್ಲಿ, 1960ರ ದಶಕದ ಮೊದಲಿಗೆ, ಬ್ಯಾಡಗಿ ಪೇಟೆಗೆ ಬಂದವನು. ಮೆಣಸಿನಕಾಯಿ ಸುಗ್ಗಿಯಲ್ಲಿ ಬ್ಯಾಡಗಿ, ಅದು ಮುಗಿದ ಮೇಲೆ ರಾಣೇಬೆನ್ನೂರಿನ ಗೋವಿನಜೋಳ, ನಡುವೆ ಹಾವೇರಿಯ ಹತ್ತಿ ಅಂಡಿಗೆ. ಹೀಗೆ 40 ವರ್ಷ ಹೊತ್ತ. 2003ರಲ್ಲಿ ಒಂದು ಸಂಜೆ ಲಾರಿಗೆ ಹಚ್ಚಿದ ಹಲಗೆಯ ಮೇಲೆ ಹತ್ತುವಾಗ ಚೀಲದ ಸಮೇತ ಕೆಳಗೆ ಬಿದ್ದ. ಮೂಳೆ ಮುರಿಯಲಿಲ್ಲ, ಹೆಸರು ಮುರಿಯಿತು. “ಮುದುಕ ಕುಡುದ ಬಂದಿದ್ದ, ನಾಕ ದಿನದಿಂದ ಜೋಲಿ ಹೊಡಿಯಾಕತ್ತಿದ್ದ” ಎಂದು ಅಂಗಡಿಯವರು ಹೇಳಿದರು, ಜೊತೆಯವರೂ ಹೌದೆಂದರು. ಮರುದಿನದಿಂದ ಯಾರೂ ಕರೆಯಲಿಲ್ಲ. ಅಜ್ಜ ಜೀವಮಾನದಲ್ಲಿ ಕುಡಿದವನಲ್ಲ. ಆದರೆ ನನಗಾಗ 6 ವರ್ಷ. ಶಾಲೆಯಲ್ಲಿ ಹುಡುಗರು ಹೇಳಿದ್ದನ್ನೇ ನಂಬಿದ್ದೆ. ಬಹಳ ವರ್ಷ ನಂಬಿದ್ದೆ.

ಈಗ ನಾನು ಪಿಎಚ್‌ಡಿ ಮಾಡುತ್ತಿರುವುದು ಇದೇ ಪೇಟೆಗಳ ಚರಿತ್ರೆಯ ಮೇಲೆ. ಹಳೆಯ ಧಾರವಾಡ ಜಿಲ್ಲೆಯ ದಕ್ಷಿಣದ ತಾಲ್ಲೂಕುಗಳು, ಅಂದರೆ 1997ರಿಂದ ಹಾವೇರಿ ಜಿಲ್ಲೆ ಎನಿಸಿಕೊಂಡ ಭಾಗ. ಎರಡು ವರ್ಷ ಹಳೆಯ ಕಡತಗಳ ಮೇಲೆ ಬಗ್ಗಿ ಕೂತು ನನ್ನ ಕುತ್ತಿಗೆಯೂ ಹಿಡಿದುಕೊಂಡಿತು. (ಹೊರೆಯ ಚರಿತ್ರೆ ಬರೆಯಲು ಹೋದವಳಿಗೆ ಕಾಗದದ ಹೊರೆಯಿಂದಲೇ ಕುತ್ತಿಗೆನೋವು ಬಂತು ಎಂದು ಗೆಳತಿಯರು ನಕ್ಕರು.) ಫಿಸಿಯೋಥೆರಪಿಗೆ ಹೋದಾಗ ಅಲ್ಲಿದ್ದವರು ನನ್ನ ಹಣೆಗೆ ಪಟ್ಟಿ ಕಟ್ಟಿ ಅದಕ್ಕೊಂದು ಲೇಸರ್ ಪೆನ್ನು ಸಿಕ್ಕಿಸಿದರು. ಎದುರು ಗೋಡೆಯ ಮೇಲೆ ಒಂದರೊಳಗೊಂದು ವೃತ್ತ ಬರೆದ ಹಾಳೆ. ಕೆಂಪು ಚುಕ್ಕೆಯನ್ನು ನಡುವಿಗೆ ತಂದು ನಿಲ್ಲಿಸಿ ಎಂದರು, ನಿಲ್ಲಿಸಿದೆ. ಕಣ್ಣು ಮುಚ್ಚಿ, ತಲೆಯನ್ನು ಪೂರ್ತಿ ಎಡಕ್ಕೆ ತಿರುಗಿಸಿ, ಮತ್ತೆ ಮೊದಲಿದ್ದಲ್ಲಿಗೇ ತನ್ನಿ ಎಂದರು. ಹಾಗೇ ಮಾಡಿದೆ. ಮೊದಲಿದ್ದಲ್ಲೇ ಇದ್ದೇನೆಂದು ಪ್ರಮಾಣ ಮಾಡುವಷ್ಟು ಖಾತ್ರಿಯಿತ್ತು. ಕಣ್ಣು ತೆರೆದರೆ ಚುಕ್ಕೆ ನಡುವೃತ್ತ ಬಿಟ್ಟು ಹಾಳೆಯ ಅಂಚಿಗೆ ಹೋಗಿತ್ತು.

ನನ್ನ ಕುತ್ತಿಗೆ ನನಗೇ ಸುಳ್ಳು ಹೇಳಿತ್ತು. ಮನೆಗೆ ಬರುವ ಬಸ್ಸಿನಲ್ಲಿ ಅಜ್ಜನ ಬಚ್ಚಲು ನೆನಪಾಯಿತು. ಈ ಲೇಖನ ಹುಟ್ಟಿದ್ದು ಅಲ್ಲಿಂದ.

*

ಮುಖ ತೊಳೆಯುವಾಗ ಆಯ ತಪ್ಪುವುದು ವೈದ್ಯಶಾಸ್ತ್ರದ ಚರಿತ್ರೆಯಲ್ಲಿ ಹಳೆಯ ಸಂಗತಿ. ಬರ್ಲಿನ್ನಿನ ವೈದ್ಯ ಮೊರಿಟ್ಜ್ ರೊಂಬರ್ಗ್ 1840ರಿಂದ 1846ರ ನಡುವೆ ನರರೋಗಗಳ ಕುರಿತು ಕಂತುಗಳಲ್ಲಿ ಒಂದು ದೊಡ್ಡ ಗ್ರಂಥ ಹೊರತಂದ. ಅದರಲ್ಲಿ ಬೆನ್ನುಹುರಿ ಸವೆಯುವ ಒಂದು ಕಾಯಿಲೆಯ ವಿವರಣೆಯಿದೆ. ಆ ರೋಗಿಗಳು ಕಣ್ಣು ತೆರೆದು ನಿಂತರೆ ನಿಲ್ಲುತ್ತಾರೆ. ಪಾದ ಜೋಡಿಸಿ ಕಣ್ಣು ಮುಚ್ಚಲು ಹೇಳಿದರೆ ತೂಗಾಡಿ ಬೀಳತೊಡಗುತ್ತಾರೆ. ಕತ್ತಲಲ್ಲಿ ನಡೆಯಲಾರರು. ಮುಖ ತೊಳೆಯಲು ಬಗ್ಗಿ ಕಣ್ಣು ಮುಚ್ಚಿದಾಗ ಮುಗ್ಗರಿಸುತ್ತಾರೆ. ‘ಮುಖ ತೊಳೆಯುವಾಗ ಜೋಲಿ ಹೋಗುತ್ತದೆಯೇ’ ಎಂಬುದು ಇವತ್ತಿಗೂ ವೈದ್ಯ ವಿದ್ಯಾರ್ಥಿಗಳು ರೋಗಿಯನ್ನು ಕೇಳಲು ಕಲಿಯುವ ಪ್ರಶ್ನೆ. ಪರೀಕ್ಷೆಗೆ ರೊಂಬರ್ಗ್‌ನ ಹೆಸರೇ ನಿಂತಿದೆ.

ಅದರ ಹಿಂದಿರುವ ತರ್ಕ ಸರಳ. ನಾವು ನೆಟ್ಟಗೆ ನಿಲ್ಲುವುದು ಮೂರು ಸಾಕ್ಷಿಗಳ ಮಾತು ಕೇಳಿ: ಕಣ್ಣು, ಒಳಗಿವಿಯ ಸಮತೋಲದ ಅಂಗ, ಮತ್ತು ಸ್ನಾಯು–ಕೀಲು–ಪಾದಗಳಿಂದ ಬರುವ ಸುದ್ದಿ. ಒಬ್ಬ ಸಾಕ್ಷಿ ಗೈರುಹಾಜರಾದರೆ ಉಳಿದಿಬ್ಬರು ಸಂಭಾಳಿಸುತ್ತಾರೆ. ಎರಡನೆಯವನೂ ಹೋದರೆ ಮನುಷ್ಯ ಬೀಳುತ್ತಾನೆ. ಕಣ್ಣು ಮುಚ್ಚಿಸುವುದೆಂದರೆ ಮಿಕ್ಕವರು ನಿಜ ಹೇಳುತ್ತಿದ್ದಾರೋ ಇಲ್ಲವೋ ಎಂದು ಪರೀಕ್ಷಿಸಿದಂತೆ.

ರೊಂಬರ್ಗ್ ನೋಡಿದ್ದು ಬೆನ್ನುಹುರಿಯ ರೋಗವನ್ನು, ಬೆನ್ನುನೋವನ್ನಲ್ಲ. ಕುತ್ತಿಗೆಯ ಕತೆ ಶುರುವಾಗುವುದು ಪ್ಯಾರಿಸ್ಸಿನಲ್ಲಿ, ಸ್ವಲ್ಪ ಕ್ರೂರವಾಗಿಯೇ. ಫ್ರಾಂಸ್ವಾ ಮಜಾಂಡಿ ಆ ಕಾಲದ ದೊಡ್ಡ ಶರೀರಶಾಸ್ತ್ರಜ್ಞ. ಪ್ರಾಣಿಗಳ ಹಿಂಗತ್ತನ್ನು ಕೊಯ್ದು ಬೆನ್ನುಹುರಿಯ ಸುತ್ತಲಿನ ದ್ರವವನ್ನು ಹೊರಗೆ ಬಿಟ್ಟರೆ ಅವು ಕುಡಿದವರಂತೆ ತೂರಾಡುತ್ತವೆ, ಆದ್ದರಿಂದ ಸಮತೋಲಕ್ಕೆ ಆ ದ್ರವವೇ ಆಧಾರ ಎಂದು ಅವನು ವಾದಿಸಿದ್ದ. 1845ರಲ್ಲಿ ಅಷಿಲ್ ಲೊಂಜೆ ಅದೇ ಪ್ರಯೋಗವನ್ನು ಅರ್ಧಕ್ಕೆ ನಿಲ್ಲಿಸಿ ನೋಡಿದ. ಹಿಂಗತ್ತಿನ ಸ್ನಾಯುಗಳನ್ನಷ್ಟೇ ಕೊಯ್ದ, ಒಳಗಿನ ಪೊರೆಯನ್ನು ಮುಟ್ಟಲಿಲ್ಲ. ಒಂದು ಹನಿ ದ್ರವವೂ ಸೋರಲಿಲ್ಲ, ಆದರೂ ಪ್ರಾಣಿ ತೂರಾಡಿತು. ದೋಷವಿದ್ದದ್ದು ದ್ರವದಲ್ಲಲ್ಲ, ಕೊಯ್ದ ಸ್ನಾಯುವಿನಲ್ಲಿ. ತಲೆಯನ್ನು ಎತ್ತಿ ಹಿಡಿಯುವ ಹಗ್ಗ ಎಂದುಕೊಂಡಿದ್ದ ಆ ಮಾಂಸ, ತಲೆ ಎಲ್ಲಿದೆ ಎಂದು ಹೇಳುವ ಕೆಲಸವನ್ನೂ ಮಾಡುತ್ತಿತ್ತು.

‘ಕುಡಿದವರಂತೆ’ ಎಂಬ ಹೋಲಿಕೆ ನನ್ನದು. ಬರೆದ ಮೇಲೆ ಅಳಿಸಬೇಕೆನಿಸಿತು, ಅಳಿಸಲಿಲ್ಲ.

ಅದಾಗಿ ಒಂದೂವರೆ ದಶಕಕ್ಕೆ, 1860ರ ಹೊತ್ತಿಗೆ, ಜರ್ಮನಿಯ ಟ್ಯೂಬಿಂಗನ್‌ನಲ್ಲಿ ಕಾರ್ಲ್ ಫೀರೋರ್ಟ್ ಎಂಬಾತ ನಿಂತವರ ತಲೆಗೆ ಟೊಪ್ಪಿಗೆ ಹಾಕಿ, ಅದರ ಮೇಲೊಂದು ಗರಿ ಸಿಕ್ಕಿಸಿ, ಮೇಲೆ ಮಸಿ ಹಿಡಿಸಿದ ಕಾಗದ ಕಟ್ಟಿದ. ಅಲ್ಲಾಡದೆ ನಿಂತಿದ್ದೇನೆ ಎಂದುಕೊಂಡವರ ತಲೆಯೂ ಕಾಗದದ ಮೇಲೆ ಗೀಚುತ್ತಲೇ ಇತ್ತು. ಅಲ್ಲಾಡದೆ ನಿಂತ ಮನುಷ್ಯ ಎಂಬುದೇ ಇಲ್ಲ. ನಿಲ್ಲುವುದೆಂದರೆ ಎಡೆಬಿಡದೆ ಬೀಳುತ್ತಾ, ಎಡೆಬಿಡದೆ ತಡೆದುಕೊಳ್ಳುವುದು. ಇವತ್ತು ಆ ಗರಿಯ ಜಾಗದಲ್ಲಿ ಪಾದದಡಿ ಇಡುವ ಯಂತ್ರದ ಮಣೆ ಬಂದಿದೆ. ಮಿಲಿಮೀಟರ್ ಲೆಕ್ಕದಲ್ಲಿ ತೂಗಾಟವನ್ನು ಬರೆದುಕೊಳ್ಳುತ್ತದೆ.

1906ರಲ್ಲಿ ಇಂಗ್ಲೆಂಡಿನ ಚಾರ್ಲ್ಸ್ ಶೆರಿಂಗ್ಟನ್ ಈ ಒಳಸುದ್ದಿಗೆ ಪ್ರೊಪ್ರಿಯೋಸೆಪ್ಷನ್ ಎಂದು ಹೆಸರಿಟ್ಟ. ಕನ್ನಡದಲ್ಲಿ ಇದಕ್ಕೆ ಪಠ್ಯಪುಸ್ತಕದ ಭಾರದ ಪದ ಬೇಡ ಅನಿಸುತ್ತದೆ. ನಮ್ಮಲ್ಲಿ ಮೈಮರೆವು ಎಂಬ ಮಾತಿದೆ, ಅದರ ಎದುರಿಗೆ ಮೈಯರಿವು ಎಂದು ಇಟ್ಟುಕೊಂಡರೆ ಸಾಕು. ಕತ್ತಲಲ್ಲಿ ತುತ್ತು ಬಾಯಿಗೇ ಹೋಗುವುದು, ಮೂಗಿಗೆ ಹೋಗದಿರುವುದು ಈ ಮೈಯರಿವಿನಿಂದ. ಸ್ನಾಯುಗಳೊಳಗೆ ಕದಿರಿನಾಕಾರದ ಸಣ್ಣ ಸಣ್ಣ ಅಂಗಗಳಿವೆ. ಸ್ನಾಯು ಎಷ್ಟು ಹಿಗ್ಗಿದೆ, ಎಷ್ಟು ಬೇಗ ಹಿಗ್ಗುತ್ತಿದೆ ಎಂದು ಅವು ಮಿದುಳಿಗೆ ವರದಿ ಕೊಡುತ್ತವೆ. ವೆಲ್ಲೂರಿನ ಕ್ರಿಶ್ಚಿಯನ್ ಮೆಡಿಕಲ್ ಕಾಲೇಜಿನ ಮೂವರು 2001ರಲ್ಲಿ ಇವನ್ನು ಎಣಿಸಿದ್ದಾರೆ: ತಲೆಬುರುಡೆಯ ಬುಡದಲ್ಲಿ, ಹಿಂಗತ್ತಿನ ಆಳದಲ್ಲಿರುವ ಒಂದು ಪುಟ್ಟ ಸ್ನಾಯುವಿನಲ್ಲಿ ಗ್ರಾಮಿಗೆ 242. ದೇಹದಲ್ಲಿ ಇಷ್ಟು ದಟ್ಟವಾಗಿ ಇವು ಇರುವ ಜಾಗ ಬೇರೆ ಸಿಗುವುದು ಕಷ್ಟ.

ಆ ಜಾಗವನ್ನು ಬೆರಳಿಟ್ಟು ಮುಟ್ಟಿಕೊಂಡು ನೋಡಿ. ಬುರುಡೆ ಮುಗಿದು ಕುತ್ತಿಗೆ ಶುರುವಾಗುವ ತಗ್ಗು. ನಮ್ಮ ಕಡೆಯ ಹಮಾಲರು ಗೋಣಿಚೀಲದ ಕೊಪ್ಪೆ ಮಾಡಿ ತಲೆಯ ಮೇಲಿಂದ ಇಳಿಬಿಟ್ಟುಕೊಂಡು, ಮುಂದಕ್ಕೆ ಬಾಗಿ, ಚೀಲವನ್ನು ಕೂರಿಸಿಕೊಳ್ಳುವುದು ಸುಮಾರಾಗಿ ಅಲ್ಲಿಗೇ. ಹಿಂಗತ್ತು ಮತ್ತು ಎರಡು ಹೆಗಲ ನಡುವಿನ ಜಾಗ.

*

ಹಮಾಲ ಅರಬ್ಬೀ ಪದ, ಹೊರುವವನು ಎಂದರ್ಥ. ಪಾರಸಿ, ಮರಾಠಿಗಳ ಮೂಲಕ ನಮಗೆ ಬಂತು. ಕನ್ನಡದಲ್ಲಿ ಅದಕ್ಕೂ ಹಳೆಯ ಪದ ‘ಹೇರು’. ಎತ್ತಿನ ಬೆನ್ನಿನ ಮೇಲೆ ಹಾಕುವ ಹೊರೆಗೆ ಆ ಹೆಸರು. ಅದೇ ಅಳತೆಯ ಮಾನವೂ ಆಯಿತು. ಅಂದರೆ ಒಂದು ಕಾಲಕ್ಕೆ ಈ ನಾಡಿನಲ್ಲಿ ಭಾರದ ಅಳತೆ ಎತ್ತಿನ ಬೆನ್ನು. ಮನುಷ್ಯ ಎತ್ತಿನ ಜೊತೆ ನಡೆಯುತ್ತಿದ್ದ.

1884ರ ಬಾಂಬೆ ಪ್ರೆಸಿಡೆನ್ಸಿ ಗೆಜೆಟಿಯರಿನ 22ನೇ ಸಂಪುಟ ಧಾರವಾಡ ಜಿಲ್ಲೆಯದು. ಅದು ಅಚ್ಚಾಗುವ ಹೊತ್ತಿಗೇ ಸದರ್ನ್ ಮರಾಠಾ ರೈಲ್ವೆ ಇತ್ತ ಹಳಿ ಹಾಸುತ್ತಿತ್ತು. ಆ ದಶಕ ಮುಗಿಯುವುದರೊಳಗೆ ಹುಬ್ಬಳ್ಳಿಯಿಂದ ಹರಿಹರಕ್ಕೆ ದಾರಿಯಾಗಿ, ಹಾವೇರಿ, ಬ್ಯಾಡಗಿ, ರಾಣೇಬೆನ್ನೂರು ಒಂದೇ ಹಳಿಯ ಮೇಲೆ ಸಾಲಾಗಿ ನಿಂತವು. ರೈಲು ಬಂದು ಹೊರೆ ಕಡಿಮೆಯಾಯಿತು ಎಂದು ನಾವು ಸಾಮಾನ್ಯವಾಗಿ ಓದುತ್ತೇವೆ. ಎತ್ತಿನ ಮಟ್ಟಿಗೆ ಅದು ಸರಿ. ಮನುಷ್ಯನ ಮಟ್ಟಿಗೆ ನನ್ನ ಓದು ಬೇರೆ. ಬಂಡಿ ವ್ಯಾಗನ್ನಿನೊಳಗೆ ಹೋಗುವುದಿಲ್ಲ, ಎತ್ತು ಗೋದಾಮಿನ ಥಪ್ಪಿ ಹತ್ತುವುದಿಲ್ಲ. ಬಂಡಿಯಿಂದ ಅಂಗಡಿಗೆ, ಅಂಗಡಿಯಿಂದ ತಕ್ಕಡಿಗೆ, ತಕ್ಕಡಿಯಿಂದ ಥಪ್ಪಿಗೆ, ಥಪ್ಪಿಯಿಂದ ವ್ಯಾಗನ್ನಿಗೆ: ನೂರಾರು ಮೈಲಿಯ ದಾರಿಯಲ್ಲಿ ಯಂತ್ರವೂ ಎತ್ತೂ ಮಾಡಲಾಗದ ಹತ್ತಿಪ್ಪತ್ತು ಹೆಜ್ಜೆಗಳು ಉಳಿದುಬಿಟ್ಟವು. ಆ ಹೆಜ್ಜೆಗಳೇ ಒಂದು ಕಸುಬಾಯಿತು. ಲಾರಿ ಬಂದ ಮೇಲೂ ಅವು ಉಳಿದವು. ಅಜ್ಜ 40 ವರ್ಷ ನಡೆದದ್ದು ಆ ಹೆಜ್ಜೆಗಳನ್ನೇ.

ತೂಕದ ವಿಷಯದಲ್ಲಿ ಪೇಟೆಯಷ್ಟು ನಿಷ್ಠುರ ಜಾಗ ಇನ್ನೊಂದಿಲ್ಲ. 1927ರಲ್ಲಿ ಬಾಂಬೆ ಸರ್ಕಾರದ ಹತ್ತಿ ಮಾರುಕಟ್ಟೆ ಕಾಯ್ದೆ, 1939ರಲ್ಲಿ ಕೃಷಿ ಉತ್ಪನ್ನ ಮಾರುಕಟ್ಟೆ ಕಾಯ್ದೆ, ಏಕೀಕರಣದ ನಂತರ 1966ರಲ್ಲಿ ನಮ್ಮ ರಾಜ್ಯದ ಎಪಿಎಂಸಿ ಕಾಯ್ದೆ. ತಕ್ಕಡಿಯ ಮೋಸದಿಂದ, ದಲಾಲರ ಕೈಯಿಂದ ರೈತನನ್ನು ಉಳಿಸಬೇಕೆಂಬ ಒಳ್ಳೆಯ ಉದ್ದೇಶ ಇವೆಲ್ಲದರ ಹಿಂದಿತ್ತು. ಅದರ ನಡುವೆ 1958ರ ಅಕ್ಟೋಬರಿನಿಂದ ಮೆಟ್ರಿಕ್ ತೂಕ ಬಂತು. ರೈಲ್ವೆ ಬಳಸುತ್ತಿದ್ದ ಮಣ ಸುಮಾರು 37 ಕಿಲೊ. ಧಾನ್ಯದ ಚೀಲ ಎಂದರೆ ಎರಡೂವರೆ ಮಣ ಎಂಬ ರೂಢಿ ದೇಶದ ಹಲವು ಕಡೆ ಇತ್ತು. ಅದು 93 ಕಿಲೊ ಆಗುತ್ತದೆ. ಮೆಟ್ರಿಕ್ ಬಂದ ಮೇಲೆ ಚೀಲ ಎಂದರೆ ಕ್ವಿಂಟಲ್, 100 ಕಿಲೊ. ಲೆಕ್ಕದ ಪುಸ್ತಕಕ್ಕೆ ಪೂರ್ಣಸಂಖ್ಯೆ ಸಿಕ್ಕಿತು. ಆ ಹೆಚ್ಚಿನ 7 ಕಿಲೊ ಯಾರ ಹಿಂಗತ್ತಿನ ಮೇಲೆ ಕೂತಿತು ಎಂಬುದು ಯಾವ ಪುಸ್ತಕದ ವಿಷಯವೂ ಆಗಲಿಲ್ಲ. ರಾಣೇಬೆನ್ನೂರಿನಲ್ಲಿ ಕ್ವಿಂಟಲ್ ಚೀಲ ಹೊತ್ತ ದಿನಗಳನ್ನು ಅಜ್ಜ ಈಗಲೂ ಹೆಮ್ಮೆಯಿಂದಲೇ ಹೇಳುತ್ತಾನೆ. ನಮ್ಮ ಜಾತ್ರೆಗಳಲ್ಲಿ ಸಂಗ್ರಾಣಿ ಕಲ್ಲು ಎತ್ತುವ, ಚೀಲ ಎತ್ತುವ ಪಂದ್ಯಗಳಿವೆ. ಭಾರ ಎಂದರೆ ಇಲ್ಲಿ ಗಂಡಸುತನದ ಮಾತು. ಅದನ್ನು ಅವಮಾನಿಸಿ ನಾನು ಏನೂ ಬರೆಯಲಾರೆ.

ಮೆಣಸಿನಕಾಯಿ ಚೀಲ ಅಷ್ಟು ತೂಗುವುದಿಲ್ಲ. ಬ್ಯಾಡಗಿ ಮೆಣಸಿನಕಾಯಿ, ಡಬ್ಬಿಯಾಗಲಿ ಕಡ್ಡಿಯಾಗಲಿ, ಬಣ್ಣಕ್ಕೆ ಹೆಸರಾದದ್ದು. 2011ರಲ್ಲಿ ಅದಕ್ಕೆ ಭೌಗೋಳಿಕ ಗುರುತು ಸಿಕ್ಕಿತು. ಒಣಗಿ ಸುಕ್ಕುಗಟ್ಟಿದ ಕಾಯಿ ಹಗುರ, ಆದರೆ ಚೀಲ ಮಾತ್ರ ಉಬ್ಬಿದ ಗುಡಾಣ. ಹೊತ್ತವನಿಗೆ ಎಡಬಲ ಕಾಣುವುದಿಲ್ಲ. ನೆಲದ ಒಂದು ತುಂಡು ಕಂಡರೆ ಪುಣ್ಯ. ಅದರ ಮೇಲೆ ಘಾಟು. ಖಾರ ಕಡಿಮೆ ಎನಿಸಿಕೊಂಡ ಕಾಯಿಯೇ ಆದರೂ ಸುಗ್ಗಿಯ ದಿನ ಬ್ಯಾಡಗಿ ಯಾರ್ಡಿನಲ್ಲಿ ಕಾಲಿಟ್ಟವರು ಸೀನದೆ ಹೊರಬರುವುದಿಲ್ಲ. ಸೀನುವಾಗ ಕಣ್ಣು ಮುಚ್ಚುತ್ತದೆ. ಹೊರೆ ಹೊತ್ತು, ಹಲಗೆಯ ಮೇಲೆ, ಕಣ್ಣು ಮುಚ್ಚುವುದು: ರೊಂಬರ್ಗ್‌ನ ಪರೀಕ್ಷೆ ಇಲ್ಲಿ ದಿನಕ್ಕೆ ಎಷ್ಟೋ ಸಲ, ಯಾವ ವೈದ್ಯನೂ ಇಲ್ಲದೆ ನಡೆಯುತ್ತದೆ.

ತಲೆಹೊರೆಯ ಬಗ್ಗೆ ಒಂದು ಪ್ರಸಿದ್ಧ ಅಧ್ಯಯನವಿದೆ. 1986ರಲ್ಲಿ ‘ನೇಚರ್’ ಪತ್ರಿಕೆಯಲ್ಲಿ ಬಂದದ್ದು. ಕೀನ್ಯಾದ ಲುವೋ ಮತ್ತು ಕಿಕುಯು ಹೆಂಗಸರು ತಮ್ಮ ಮೈತೂಕದ ಶೇ. 20ರಷ್ಟನ್ನು ಹೆಚ್ಚುವರಿ ಶ್ರಮವೇ ಇಲ್ಲದೆ ಹೊರುತ್ತಾರೆ ಎಂದು ಅದು ಹೇಳಿತು. ಎಲ್ಲರಿಗೂ ಇದು ಅನ್ವಯಿಸದು ಎಂದು ನಂತರದವರು ತಕರಾರು ತೆಗೆದರು. ಆದರೂ ಲೆಕ್ಕ ಹಾಕಿ ನೋಡಿ: 55 ಕಿಲೊದ ಮೈಗೆ ಶೇ. 20 ಎಂದರೆ 11 ಕಿಲೊ, ಸಿಂಬಿಯ ಮೇಲಿನ ಒಂದು ಕೊಡ ನೀರು. 50 ಕಿಲೊ ಚೀಲ ಎಂದರೆ ಮೈತೂಕದ ಶೇ. 90. ನಮ್ಮ ಮನೆಯ ಹೆಂಗಸರ ಸಿಂಬಿ ಮತ್ತು ನಮ್ಮಜ್ಜನ ಕೊಪ್ಪೆ ಎರಡೂ ಹೊರುವ ಜಾಣ್ಮೆಯೇ. ನಡುವೆ ಇರುವುದು ಮೂರು ಕೊಡಗಳಿಗೂ ಮಿಕ್ಕಿದ ವ್ಯತ್ಯಾಸ.

*

ಇನ್ನು ನೋವಿನ ಮಾತು. ಭಾರ ಹೊತ್ತು ಬೆನ್ನು ನೋಯುತ್ತದೆ ಎನ್ನಲು ಸಂಶೋಧನೆ ಬೇಕಿಲ್ಲ. ನೋಯುವ ಬೆನ್ನು ಸಮತೋಲಕ್ಕೆ ಏನು ಮಾಡುತ್ತದೆ ಎಂಬುದು ತಿಳಿಯತೊಡಗಿದ್ದು ಮಾತ್ರ ತೀರಾ ಈಚೆಗೆ, ಅಜ್ಜ ಹೊರುವುದನ್ನು ಬಿಡುವ ಹೊತ್ತಿಗೆ.

ನನ್ನ ಹಣೆಗೆ ಕಟ್ಟಿದ್ದ ಲೇಸರ್ ಪರೀಕ್ಷೆ ಪ್ಯಾರಿಸ್ಸಿನ ಮಿಷೆಲ್ ರೆವೆಲ್ ಮತ್ತು ಸಂಗಡಿಗರು 1991ರಲ್ಲಿ ಪ್ರಕಟಿಸಿದ ಪರೀಕ್ಷೆಯಿಂದ ಬಂದದ್ದು. ಕುತ್ತಿಗೆನೋವಿನವರು ಕಣ್ಣು ಮುಚ್ಚಿದಾಗ ತಮ್ಮ ತಲೆಯನ್ನು ಮೊದಲ ಜಾಗಕ್ಕೆ ತರಲು ಹೆಚ್ಚು ತಪ್ಪುತ್ತಾರೆ ಎಂದು ಅವರು ತೋರಿಸಿದರು. ಅದಕ್ಕೂ ಮುಂಚೆ, 1977ರಲ್ಲಿ, ಡಚ್ ವೈದ್ಯರು ಆರೋಗ್ಯವಂತರ ಕುತ್ತಿಗೆಗೆ ಮರಗಟ್ಟಿಸುವ ಮದ್ದು ಚುಚ್ಚಿ ನೋಡಿದ್ದರು. ಕಣ್ಣು ಸರಿಯಿದೆ, ಕಿವಿ ಸರಿಯಿದೆ, ಕಾಲು ಗಟ್ಟಿ. ಆದರೂ ಅವರ ನಡಿಗೆ ಓಲಾಡಿತು. 2009ರಲ್ಲಿ ಫ್ರೆಂಚ್ ಸಂಶೋಧಕರು ಆರೋಗ್ಯವಂತರ ಕುತ್ತಿಗೆಯ ಸ್ನಾಯುಗಳಿಗೆ ಬರೀ ನೋವನ್ನಷ್ಟೇ ಕೊಟ್ಟರು. ನಿಂತಲ್ಲೇ ತೂಗಾಟ ಹೆಚ್ಚಿತು. ಗಾಯವೇ ಬೇಕಿರಲಿಲ್ಲ, ನೋವೇ ಸಾಕಾಗಿತ್ತು.

ಬೆನ್ನಿನ ಕೆಳಭಾಗದ ಕುರಿತು ನನ್ನನ್ನು ಹಿಡಿದು ನಿಲ್ಲಿಸಿದ ಕೆಲಸ ಬೆಲ್ಜಿಯಂನ ಲೂವೆನ್ ವಿಶ್ವವಿದ್ಯಾಲಯದ ಸೈಮನ್ ಬ್ರೂಮಾನ್ಯ ಅವರದು. ಸ್ನಾಯುವಿಗೆ ಕಂಪನ ಕೊಟ್ಟರೆ ಅದು ತಾನು ಹಿಗ್ಗುತ್ತಿದ್ದೇನೆಂದು ತಪ್ಪು ವರದಿ ಕಳಿಸುತ್ತದೆ. ಮಿದುಳು ಆ ವರದಿಯನ್ನು ನಂಬಿದರೆ ಮೈ ವಾಲುತ್ತದೆ. ಹೀಗೆ ಒಮ್ಮೆ ಕಾಲಿನ ಮೀನಖಂಡಕ್ಕೆ, ಒಮ್ಮೆ ಬೆನ್ನಿಗೆ ಕಂಪನ ಕೊಟ್ಟು, ಮಿದುಳು ಯಾರ ಮಾತನ್ನು ಹೆಚ್ಚು ನಂಬುತ್ತದೆ ಎಂದು ಅವರು ಅಳೆದರು. ಬೆನ್ನುನೋವಿಲ್ಲದವರು ಜಾಗ ನೋಡಿ ನಂಬಿಕೆ ಬದಲಿಸುತ್ತಾರೆ. ಗಟ್ಟಿ ನೆಲವಾದರೆ ಕಾಲಿನ ಮಾತು. ಮೆತ್ತನೆಯ, ಜಗ್ಗುವ ನೆಲವಾದರೆ ಕಾಲಿನ ಸುದ್ದಿ ನಂಬುವಂತಿರುವುದಿಲ್ಲ, ಆಗ ಬೆನ್ನಿನ ಮಾತು. ಮತ್ತೆ ಮತ್ತೆ ಬೆನ್ನುನೋವು ಬರುವವರು ಈ ಬದಲಾವಣೆ ಮಾಡಲಾರರು. ನೆಲ ಜಗ್ಗುತ್ತಿದ್ದರೂ ಕಾಲನ್ನೇ ನಂಬಿ ಬಿಗಿಯಾಗಿ ನಿಲ್ಲುತ್ತಾರೆ. ನೋವಿನ ಬೆನ್ನನ್ನು ಮಿದುಳು ಸಾಕ್ಷಿಯಾಗಿ ಕರೆಯುವುದನ್ನೇ ಬಿಟ್ಟಂತೆ.

ಇದನ್ನು ಓದಿದ ದಿನ ನಾನು ಪುಸ್ತಕ ಮುಚ್ಚಿ ಹೊರಗೆ ಹೋದೆ. ಲಾರಿಗೆ ಹಚ್ಚುವ ಹಲಗೆಯನ್ನು ನೋಡಿದವರಿಗೆ ಗೊತ್ತಿರುತ್ತದೆ: ಮನುಷ್ಯ ನಡುವಿಗೆ ಬಂದಾಗ ಅದು ಜಗ್ಗುತ್ತದೆ. ಯಾರ್ಡಿನ ಗಟ್ಟಿ ನೆಲದ ಮೇಲೆ ಅಜ್ಜ ಯಾವತ್ತೂ ಬಿದ್ದವನಲ್ಲ. ಬಿದ್ದದ್ದು ಹಲಗೆಯ ನಡುವೆ.

ಇಲ್ಲಿ ಎಚ್ಚರದಿಂದ ಇರಬೇಕು. ಈ ಅಧ್ಯಯನಗಳಲ್ಲಿ ಹೆಚ್ಚಿನವು ಮಿಲಿಮೀಟರುಗಳ ಲೆಕ್ಕ, ಪ್ರಯೋಗಾಲಯದಲ್ಲಿ ಕೆಲವೇ ಜನರ ಮೇಲೆ ಮಾಡಿದವು. 2011ರಲ್ಲಿ ಹಿಂದಿನ ಅಧ್ಯಯನಗಳನ್ನೆಲ್ಲ ಒಟ್ಟಿಗೆ ತೂಗಿ ನೋಡಿದವರು, ಬೆನ್ನು ಮತ್ತು ಕುತ್ತಿಗೆ ನೋವಿನವರ ತೂಗಾಟ ಹೆಚ್ಚು ಎಂಬುದನ್ನು ಒಪ್ಪಿದರು. ನೋವು ಎಷ್ಟಿದ್ದರೆ ತೂಗಾಟ ಎಷ್ಟು ಎಂಬ ನೇರ ಸೂತ್ರ ಕೈಗೆ ಸಿಗಲಿಲ್ಲ. ಸಾಧಾರಣ ಕುತ್ತಿಗೆನೋವಿಗೆ ಯಾರೂ ಬಚ್ಚಲಲ್ಲಿ ಬೀಳುವುದಿಲ್ಲ. ಕಣ್ಣು ಮುಚ್ಚಿದರೆ ನಿಲ್ಲಲಾಗದಷ್ಟು ಆಗಿದ್ದರೆ, ಸವೆದ ಕುತ್ತಿಗೆಮೂಳೆ ಬೆನ್ನುಹುರಿಯನ್ನೇ ಒತ್ತುತ್ತಿರಬಹುದು, ಸಕ್ಕರೆ ಕಾಯಿಲೆಯಿಂದ ಪಾದದ ನರ ಸತ್ತಿರಬಹುದು, ಕಿವಿಯ ದೋಷವಿರಬಹುದು. ಅಂಥವರು ಲೇಖನ ಓದುತ್ತಾ ಕೂರದೆ ವೈದ್ಯರಲ್ಲಿಗೆ ಹೋಗಬೇಕು. ಅಜ್ಜನನ್ನು ನಾನೂ ಕರೆದುಕೊಂಡು ಹೋಗಿದ್ದೆ. ಎಕ್ಸ್‌ರೇಯಲ್ಲಿ ಕುತ್ತಿಗೆ ಚೆನ್ನಾಗಿ ಸವೆದಿದೆ. ಎಂಆರ್‌ಐ ಮಾಡಿಸಿ ಎಂದರು. ಆ ಕೊಳವೆಯೊಳಗೆ ಕಣ್ಣು ಮುಚ್ಚಿ ಮಲಗುವುದಿಲ್ಲ ಎಂದು ಅಜ್ಜ ಹಟ ಹಿಡಿದಿದ್ದಾನೆ. ನಾನು ಚರಿತ್ರೆಯ ವಿದ್ಯಾರ್ಥಿನಿ, ರೋಗ ಹೇಳುವವಳಲ್ಲ. 2003ರ ಆ ಸಂಜೆ ಏನಾಯಿತೆಂದು ಯಾವ ಕಡತವೂ ಹೇಳದು.

ಆದರೆ ಕಡತ ಹೇಳದ್ದನ್ನು ಪೇಟೆ ಹೇಳಿತ್ತಲ್ಲ. ಜೋಲಿ ಹೊಡೆಯುವ ಹಮಾಲ ಎಂದರೆ ಕುಡಿದ ಹಮಾಲ. ಆ ಒಂದು ವಿವರಣೆ ಎಲ್ಲರಿಗೂ ಅನುಕೂಲವಾಗಿತ್ತು. ಕುಡಿಯುವ ಹಮಾಲರಿಲ್ಲ ಎಂದು ನಾನು ಹೇಳುತ್ತಿಲ್ಲ. ಇದ್ದಾರೆ. ಮೈನೋವಿಗೇ ಶುರುಮಾಡಿದೆವು ಎಂದು ನನ್ನೆದುರೇ ಹೇಳಿದವರಿದ್ದಾರೆ. ನೋವು ಮತ್ತು ಕುಡಿತ ಎರಡೂ ಒಂದೇ ಬಗೆಯಲ್ಲಿ ಕಾಲು ತಪ್ಪಿಸಿದಾಗ, ನೋಡುವವರು ಎರಡನೆಯದನ್ನೇ ಆರಿಸಿಕೊಳ್ಳುತ್ತಾರೆ. ಅದಕ್ಕೆ ಪರಿಹಾರ ಕೊಡಬೇಕಾಗಿಲ್ಲ.

ಪರಿಹಾರದ ಚರಿತ್ರೆ ಚಿಕ್ಕದು. ಅಂತಾರಾಷ್ಟ್ರೀಯ ಕಾರ್ಮಿಕ ಸಂಸ್ಥೆ 1967ರಲ್ಲಿ, ಆರೋಗ್ಯಕ್ಕೆ ಕೇಡಾಗುವಷ್ಟು ಭಾರವನ್ನು ಯಾರಿಂದಲೂ ಹೊರಿಸಬಾರದೆಂದು ಒಪ್ಪಂದ ಮಾಡಿತು. ಜೊತೆಗಿನ ಶಿಫಾರಸಿನಲ್ಲಿ ವಯಸ್ಕ ಗಂಡಸಿಗೆ 55 ಕಿಲೊ ಮಿತಿ ಎಂದಿತು. ಭಾರತ ಆ ಒಪ್ಪಂದಕ್ಕೆ ಅಂಗೀಕಾರ ಕೊಟ್ಟದ್ದು 2010ರಲ್ಲಿ, 43 ವರ್ಷಗಳ ಮೇಲೆ. ಪಕ್ಕದ ಮಹಾರಾಷ್ಟ್ರ 1969ರಲ್ಲೇ ಮಾಥಾಡಿ ಮತ್ತು ಹಮಾಲರಿಗೆಂದು ಕಾಯ್ದೆ ಮಾಡಿತ್ತು. ಮಾಥಾಡಿ ಎಂದರೆ ತಲೆಯ ಮೇಲೆ ಹೊರುವವನು. ನಮ್ಮಲ್ಲಿ ಅಂಬೇಡ್ಕರ್ ಕಾರ್ಮಿಕ ಸಹಾಯ ಹಸ್ತ ಯೋಜನೆಯಲ್ಲಿ ಹಮಾಲರ ಹೆಸರು ಸೇರಿದ್ದು ತೀರಾ ಈಚೆಗೆ. ಚೀಲಗಳು ಈಗ 50 ಕಿಲೊಗೆ ಇಳಿದಿವೆ. ಇಳಿದದ್ದು ಒಳ್ಳೆಯದೇ. ಎರಡು ಚೀಲ ಒಟ್ಟಿಗೆ ಹಾಕು ಎಂದು ನಗುತ್ತಾ ಕೇಳುವ ಹುಡುಗರನ್ನೂ ನೋಡಿದ್ದೇನೆ.

*

ನಮ್ಮ ಮನೆದೇವರು ರಾಣೇಬೆನ್ನೂರು ತಾಲ್ಲೂಕಿನ ದೇವರಗುಡ್ಡದ ಮಾಲತೇಶ. ಮಹಾನವಮಿಯ ದಿನ ಅಲ್ಲಿ ಕಾರ್ಣಿಕ. ಉಪವಾಸವಿದ್ದ ಗೊರವಯ್ಯ ನೆಟ್ಟಗೆ ನಿಲ್ಲಿಸಿದ ಎತ್ತರದ ಬಿಲ್ಲನ್ನು ಏರುತ್ತಾನೆ. ಸಾವಿರಾರು ಜನ ಸದ್ದಡಗಿ ಮೇಲೆ ನೋಡುತ್ತಾರೆ. ವರ್ಷದ ಮಳೆ ಬೆಳೆಯ ಬಗ್ಗೆ ಒಂದು ಒಗಟಿನಂಥ ನುಡಿ ಹೇಳಿ, ಕೈಬಿಟ್ಟು ಕೆಳಗೆ ಬೀಳುತ್ತಾನೆ. ಕೆಳಗೆ ನಿಂತ ಗೊರವರು ಅವನನ್ನು ಹಿಡಿಯುತ್ತಾರೆ. ಆ ನುಡಿಯ ಅರ್ಥವೇನೆಂದು ಪೇಟೆಯಲ್ಲಿ ವಾರಗಟ್ಟಲೆ ಚರ್ಚೆ ನಡೆಯುತ್ತದೆ, ದರ ಏರುತ್ತದೋ ಇಳಿಯುತ್ತದೋ ಎಂದು.

ಕಳೆದ ಸಲ ಅಜ್ಜನನ್ನು ಕರೆದುಕೊಂಡು ಹೋಗಿದ್ದೆ. ಮೇಲೆ ನೋಡಲು ಅವನಿಗೆ ಕುತ್ತಿಗೆ ಎತ್ತಲಾಗುವುದಿಲ್ಲ. ಎತ್ತಿದರೆ ಜೋಲಿ ಹೋಗುತ್ತದೆ. ಹಾಗಾಗಿ ನನ್ನ ಹೆಗಲು ಹಿಡಿದು, ಎಲ್ಲರೂ ಬಿಲ್ಲಿನ ತುದಿ ನೋಡುತ್ತಿದ್ದರೆ ಅವನು ಬುಡ ನೋಡುತ್ತಾ ನಿಂತಿದ್ದ. ಗೊರವಯ್ಯ ಬಿದ್ದು ಜನ ಚದುರಿದ ಮೇಲೆ, “ಬಿಲ್ಲ ಹಿಡದವರ ಕಾಲ ನೋಡಿದೇನ? ಒಬ್ಬಾಂವನೂ ಅಲ್ಲಾಡ್ಲಿಲ್ಲ” ಎಂದ. ಕಾರ್ಣಿಕ ಏನಾಯಿತು ಎಂದು ಕೇಳಲೇ ಇಲ್ಲ.

ಬಸ್ಸಿಗೆ ಕಾಯುವಾಗ ನಾನು ಓದಿದ್ದನ್ನೆಲ್ಲ ಅವನಿಗೆ ಹೇಳಿದೆ. ಬರ್ಲಿನ್ನಿನ ರೋಗಿಗಳು, ಹಿಂಗತ್ತು ಕೊಯ್ದ ಪ್ರಾಣಿಗಳು, ಜಗ್ಗುವ ನೆಲದ ಮೇಲೆ ನಿಂತ ಬೆನ್ನುನೋವಿನವರು. ಕೇಳಿಸಿಕೊಂಡ. ಬಹಳ ಹೊತ್ತು ಸುಮ್ಮನಿದ್ದು ಒಂದೇ ಮಾತು ಕೇಳಿದ:

“ಹಂಗಾರ ಆವತ್ತ ನಾ ಕುಡುದಿದ್ದಿಲ್ಲ ಅಂತ ಬರೀತೀಯೇನವ್ವಾ?”

ಬರೀತೇನಿ ಅಜ್ಜಾ ಅಂದೆ.

ದೀಪಾವಳಿಗೆ ಬಚ್ಚಲ ಗೋಡೆಗೆ ಸೊಂಟದೆತ್ತರದಲ್ಲಿ ಒಂದು ಕಬ್ಬಿಣದ ಪೈಪು ಹಾಕಿಸಿದೆವು, ಹಿಡಿದುಕೊಳ್ಳಲಿ ಎಂದು. ಅಜ್ಜ ಅದರ ಮೇಲೆ ಟವೆಲ್ ಒಣಹಾಕುತ್ತಾನೆ. ಹಿಡಿಯುವುದು ಈಗಲೂ ಗೋಡೆಯನ್ನೇ.